ಇನ್ನೊಂದು ಅರ್ಧ ಸುತ್ತು

ಮೊನ್ನೆ ಕಪಾಟು ಝಾಡಿಸುತ್ತಿದ್ದಾಗ ಸೀರೆ ಪೆಟ್ಟಿಗೆಯ ರಟ್ಟಿನ ಮುಚ್ಚಳವೊಂದು ಕೈಗೆ ಬಂತು. ಪೆಟ್ಟಿಗೆ ಎಲ್ಲಿ ಹೋಯಿತೋ, ಅದರೊಳಗಿನ ಸೀರೆ ಯಾರ ಮೈ ಸೇರಿತೋ ಗೊತ್ತಿಲ್ಲ. ಮುಚ್ಚಳ ಮಾತ್ರ ಉಳಿದಿದೆ. ಅದರ ಮೇಲೆ ಪೆನ್ಸಿಲಿನಿಂದ ಬರೆದ, ಹೀರೇಕಾಯಿಗಿಂತ ದಪ್ಪ, ಕುಂಬಳಕಾಯಿಗಿಂತ ಉದ್ದ ಎನ್ನಬಹುದಾದ ಒಂದು ಆಕಾರ. ಆ ಆಕಾರದ ಅಂಚಿಗುಂಟ ಎಂಟು ತೂತು. ಪ್ರತಿ ತೂತಿನ ಮಗ್ಗುಲಿಗೆ ನನ್ನದೇ ಅಕ್ಷರದಲ್ಲಿ ಒಂದೊಂದು ಕನ್ನಡ ಅಂಕಿ. ಆದರೆ ಒಂದರ ಪಕ್ಕದಲ್ಲಿ ಎರಡಿಲ್ಲ. ಒಂದು ಈ ದಂಡೆಗಿದ್ದರೆ ಎರಡು ಆ ದಂಡೆಗೆ. ಮೂರು ಮತ್ತೆ ಈಚೆ, ನಾಲ್ಕು ಆಚೆ. ಕೆಲಸಕ್ಕೆ ಬರುವ ಮಂದಾ ಅದನ್ನು ನೋಡಿ, "ತಾಈ, ಹೇ ಟಾಕೂನ್ ದೇವೂ ಕಾ?" ಎಂದು ಕೇಳಿದಳು. ಬಿಸಾಡುವುದೆಂದರೇನು, ನಾನು ಧೂಳಿನ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಕಪಾಟಿನ ಕೆಳಗಿನ ಎರಡು ಖಾನೆ ಇನ್ನೂ ಹಾಗೇ ಇವೆ.

ನೀವು ಅದನ್ನು ರಂಗೋಲಿಯ ಅಚ್ಚು ಎಂದುಕೊಳ್ಳಬಹುದು. ಅದು ನಮ್ಮ ಮಾಮಾನ ಹಳೆಯ ಮೋಟಾರಿನ ಗೇರ್‌ಬಾಕ್ಸಿಗೆ ತಳದಲ್ಲಿ ಇರುವ ಮುಚ್ಚಳದ ನಕ್ಷೆ. ಬಿಚ್ಚಿದ ಬೋಲ್ಟುಗಳನ್ನು ಒಂದು ಡಬ್ಬಿಗೆ ಸುರಿದು ಕಲಸಬಾರದಂತೆ. ಯಾವ ತೂತಿನಿಂದ ಬಂದದ್ದೋ ಅದೇ ತೂತಿಗೆ ಹೋಗಬೇಕು. ಅದಕ್ಕಾಗಿ ರಟ್ಟಿನ ಮೇಲೆ ಆ ಆಕಾರ ಬರೆದು, ಬೋಲ್ಟುಗಳನ್ನು ಅವುಗಳ ಜಾಗದಲ್ಲೇ ಚುಚ್ಚಿಡುತ್ತಾರೆ. ಅಂಕಿಗಳು ಬಿಗಿಯುವ ಕ್ರಮ. ಈ ಎಂಟು ಬೋಲ್ಟುಗಳಿಂದ ನಮ್ಮ ಮನೆತನದ ಸ್ವಭಾವವೇ ಬಯಲಿಗೆ ಬಿದ್ದ ಕಥೆ ನಿಮಗೆ ಹೇಳಬೇಕು.

ಭೀಮರಾವ್ ಮಾಮಾ ನನ್ನ ತಾಯಿಯ ತಮ್ಮ. ಗದಗಿನ ಕಡೆಯಿಂದ ನಾಗಪುರದ ಕಾರ್ಖಾನೆಯೊಂದಕ್ಕೆ ಫಿಟ್ಟರ್ ಆಗಿ ಬಂದವನು, ನಿವೃತ್ತನಾದ ಮೇಲೂ ಊರಿಗೆ ಹೋಗಲಿಲ್ಲ. ಕೇಳಿದರೆ, "ಅಲ್ಲಿ ನನ್ನ ಪಾನಾ ಹಿಡಿಸೂದಿಲ್ಲ" ಎನ್ನುತ್ತಿದ್ದ. ಪಾನಾ ಎಂದರೆ ಬೋಲ್ಟು ತಿರುಗಿಸುವ ಸ್ಪ್ಯಾನರು. ಅವನ ಮನೆಯಲ್ಲಿ ಚಮಚಕ್ಕಿಂತ ಹೆಚ್ಚು ಪಾನಾ ಇದ್ದವು. ಅವನ ಮೋಟಾರು ನನಗಿಂತ ಐದು ವರ್ಷ ಹಿರಿದು. ಗುಂಡು ಬೆನ್ನು, ಮಜ್ಜಿಗೆಯ ಬಣ್ಣ, ಸ್ಟೇರಿಂಗಿನ ಕುತ್ತಿಗೆಯಲ್ಲೇ ಗೇರಿನ ಕೋಲು. ಅದನ್ನು ಓಡಿಸಲು ಮಾಮಾಗಿಂತ ಚೆನ್ನಾಗಿ ಬರುತ್ತಿದ್ದದ್ದು ಕುಸುಮಾ ಮಾಮಿಗೆ. ಸಿವಿಲ್ ಲೈನ್ಸಿನ ಅಗಲವಾದ ರಸ್ತೆಗಳಲ್ಲಿ ರವಿವಾರ ಬೆಳಿಗ್ಗೆ, ಕೋರ್ಟು ಕಚೇರಿ ಎಲ್ಲ ಮುಚ್ಚಿರುವ ಹೊತ್ತಿನಲ್ಲಿ, ಮಾಮಿ ಕಚ್ಚೆ ಸೀರೆಯಲ್ಲಿ ಗಾಡಿ ಕಲಿತಳು. ನಾವು ಮಕ್ಕಳು ಹಿಂದಿನ ಸೀಟಿನಲ್ಲಿ. ಮಾಮಾ ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿಕೊಂಡು ಕಲಿಸುತ್ತಿದ್ದ. ಹೆದರಿಕೆಗಲ್ಲ, ಗೇರು ಕೂಡುವ ಸಪ್ಪಳ ಕಣ್ಣು ಮುಚ್ಚಿದರೇ ಸರಿಯಾಗಿ ಕೇಳುತ್ತದೆ ಎಂದು ಅವನ ನಂಬಿಕೆ. ಮಾಮಿ ಮಾತ್ರ ಇದನ್ನು ಇವತ್ತಿಗೂ ಒಪ್ಪಿಲ್ಲ.

ಇನ್ನು ದೊಡ್ಡವ್ವ. ನನ್ನ ತಾಯಿಗೂ ಮಾಮಾಗೂ ಅಕ್ಕ. ಉಮರೇಡಿನಲ್ಲಿರುತ್ತಾಳೆ, ಅವಳ ಗಂಡನಿಗೆ ಕಲ್ಲಿದ್ದಲ ಗಣಿಯಲ್ಲಿ ನೌಕರಿ ಇತ್ತು, ಈಗ ಮಗನಿಗೂ ಅಲ್ಲೇ. ನಾನು ಶಾಲೆಯಲ್ಲಿ ಮರಾಠಿ, ಹಿಂದಿ ಓದಿದವಳು. ಕನ್ನಡ ಅಕ್ಷರ ಕಲಿಸಿದವಳು ದೊಡ್ಡವ್ವ, ರಜೆಯಲ್ಲಿ, ಹಿತ್ತಲ ಫರಸಿಕಲ್ಲಿನ ಮೇಲೆ ಕಲ್ಲಿದ್ದಲ ಚೂರಿನಿಂದ. ಅ ಬರೆದರೆ ಒಂದು ಉಂಡಿ, ಕ್ಷ ಬರೆದರೆ ಎರಡು. ಕೈ ಕಪ್ಪು, ಬಾಯಿ ಸಿಹಿ. ನನ್ನ ಕನ್ನಡಕ್ಕೆ ಇಂದಿಗೂ ಒಂದಿಷ್ಟು ಇದ್ದಲ ಮಸಿ, ಒಂದಿಷ್ಟು ಬೆಲ್ಲ ಅಂಟಿಕೊಂಡಿದ್ದರೆ ತಪ್ಪು ನನ್ನದಲ್ಲ.

ಆಕೆಗೆ ಒಂದೇ ತೊಂದರೆ. ಕಿಟಕಿ ಮುಚ್ಚಿದ ಗಾಡಿಯಲ್ಲಿ ಕೂತರೆ ಹತ್ತು ಮೈಲಿಯೊಳಗೆ ಹೊಟ್ಟೆ ತೊಳಸಿ ಬರುತ್ತದೆ. ಮಗನ ಹೊಸ ಕಾರಿನಲ್ಲಿ ಮೂರು ಸಲ ಕೂತಳು, ಮೂರು ಸಲವೂ ರಸ್ತೆ ಬದಿಯ ಬೇವಿನ ಗಿಡ ಹಿಡಿದು ನಿಂತಳು. ಕಿಟಕಿ ಇಳಿಸಿದರೂ ಒಳಗಿನ ಆ ಹೊಸ ವಾಸನೆ ಹೋಗುವುದಿಲ್ಲವಂತೆ. "ಅದು ಗಾಡಿ ಅಲ್ಲಪಾ, ಫ್ರಿಜ್. ಕೊತ್ತಂಬರಿ ಇಡ್ರಿ ಅದರಾಗ, ನನ್ನ ಇಡಬ್ಯಾಡ್ರಿ" ಎಂದು ಮಗನಿಗೆ ಹೇಳಿಬಿಟ್ಟಳು. ಬಸ್ಸಿನ ಮೆಟ್ಟಿಲು ಹತ್ತಲು ಮೊಳಕಾಲು ಬಿಡುವುದಿಲ್ಲ. ಲೋಕದಲ್ಲಿ ಅವಳಿಗೆ ಒಗ್ಗುವ ವಾಹನ ಒಂದೇ: ತಮ್ಮನ ಮಜ್ಜಿಗೆ ಬಣ್ಣದ ಮೋಟಾರು. ಪಂಚಮಿಗೆ ತವರಿನಿಂದ ಕರೆಯಲು ಹೋಗುವ ಪದ್ಧತಿ ನಮ್ಮಲ್ಲಿದೆಯಲ್ಲ, ಮಾಮಾ ಒಂದು ವರ್ಷವೂ ಬೇರೆಯವರನ್ನು ಕಳಿಸಿದವನಲ್ಲ. ತಾನೇ ಹೋಗುವುದು, ನಾಲ್ಕೂ ಕಿಟಕಿ ಇಳಿಸಿ ಅಕ್ಕನನ್ನು ಕರೆತರುವುದು.

ನಾಲ್ಕು ಚಳಿಗಾಲದ ಹಿಂದಿನ ಮಾತು. ದೊಡ್ಡವ್ವನಿಗೆ ಎಂಬತ್ತು ತುಂಬಿ ಸಹಸ್ರಚಂದ್ರದರ್ಶನದ ಶಾಂತಿ ಮಾಡುವುದು ಎಂದಾಯಿತು. ಸಾವಿರ ಹುಣ್ಣಿಮೆ ಕಂಡವಳಿಗೆ ಆರತಿ. ಅದು ತವರಿನಲ್ಲೇ, ನಾಗಪುರದಲ್ಲೇ ಆಗಬೇಕೆಂದು ಮಾಮಾ ಹಟ ಹಿಡಿದ. ಫೋನಿನಲ್ಲಿ ಅಕ್ಕನಿಗೆ ಮಾತು ಕೊಟ್ಟ. "ನಾನ ಬರ್ತೀನಿ ಗಾಡಿ ತಗೊಂಡು. ನೀ ತಯಾರಾಗಿ ಕೂಡು." ದೊಡ್ಡವ್ವನದೂ ಒಂದೇ ಮಾತು. "ನಿನ್ನ ಗಾಡಿ ಬಂದ್ರ ಬರ್ತೀನಿ. ಬರಲಿಲ್ಲಂದ್ರ ಇಲ್ಲೇ ಮಾಳಿಗಿ ಮ್ಯಾಲೆ ನಿಂತು ಚಂದ್ರನ್ನ ನೋಡ್ತೀನಿ. ನೀವು ಅಲ್ಲಿ ನನ್ನ ಫೋಟೋಕ್ಕ ಆರತಿ ಮಾಡ್ರಿ."

ಇಷ್ಟು ಹೇಳಿ ಫೋನಿಟ್ಟ ಮಾರನೆಯ ದಿನವೇ ಗೇರ್‌ಬಾಕ್ಸು ಕೈಕೊಟ್ಟಿತು. ಎರಡನೆಯ ಗೇರು ಹಾಕಿದರೆ ತಾನಾಗಿ ಹೊರಗೆ ಹಾರುವುದು. ಗಾಡಿಯ ಅಡಿಗೆ ಪ್ರತಿ ಬೆಳಿಗ್ಗೆ ಥಾಲಿಯಷ್ಟಗಲ ಎಣ್ಣೆಯ ಕಲೆ.

ಮಾಮಿ ಸೊಂಟಕ್ಕೆ ಕೈಯಿಟ್ಟು ಆ ಕಲೆಯನ್ನು ನೋಡಿದಳು. "ಅಕ್ಕನ್ನ ಕರಕೊಂಡು ಬರೂದು ಬ್ಯಾರೆ, ನಡುದಾರಿಯೊಳಗ ಕೂಡಿಸಿ ಬರೂದು ಬ್ಯಾರೆ. ಏನ್ ಮಾಡ್ತೀರಿ ನೋಡ್ರಿ."

ಮಾಮಾ ಗೇರ್‌ಬಾಕ್ಸನ್ನು ಇಳಿಸಿಸಿ ವರಾಂಡದ ಹಲಗೆಮಂಚದ ಮೇಲೆ ಹಳೆಯ ಪೇಪರು ಹಾಸಿ ಮಲಗಿಸಿದ. ಒಳಗಿನ ಬೇರಿಂಗು, ಸವೆದ ಹಿತ್ತಾಳೆ ಉಂಗುರ ಬದಲಿಸಿದ. ಗಾಂಧಿಬಾಗದ ಗಲ್ಲಿಗಳಲ್ಲಿ ಬಟ್ಟೆಯ ಗಂಟುಗಳ ನಡುವೆ ನುಸುಳಿ, ಎಣ್ಣೆ ಸೋರದ ಹಾಗೆ ನಡುವೆ ಇಡುವ ದಪ್ಪ ಕಾಗದ ತಂದ. ಆ ಕಾಗದವನ್ನು ಮುಚ್ಚಳದ ಮೇಲಿಟ್ಟು ಅಂಚಿಗುಂಟ ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋದರೆ ತಾನೇ ಕತ್ತರಿಸಿಕೊಂಡು ಬರುತ್ತದೆ. ಕೋಡುಬಳೆ ಹೊಸೆದಷ್ಟು ತಾಳ್ಮೆಯ ಕೆಲಸ. ಎಲ್ಲ ಮುಗಿದು ಮುಚ್ಚಳ ಬಿಗಿಯುವುದೊಂದು ಉಳಿದಾಗ ನನಗೆ ಫೋನು ಬಂತು.

"ಸುಧಾ, ರವಿವಾರ ಬಾ. ತಲಿ ನಂದ ಅದ, ಕೈ ನಿಂದ ಬೇಕು."

ಆಗ ಅವನಿಗೆ ಎಪ್ಪತ್ತಾರು. ಬಲಗೈ ನಡುಗಲು ಶುರುವಾಗಿತ್ತು. ಚಹಾದ ಬಸಿ ಕಪ್ಪಿಗೆ ತಾಗಿ ಕಿಣಿಕಿಣಿ ಎನ್ನುತ್ತಿತ್ತು. ಮೂವತ್ತಾರು ವರ್ಷ ಮಣಿಕಟ್ಟಿನಿಂದಲೇ ಬಿಗಿ ಅಳೆದವನು ಈಗ ಅದನ್ನು ನಂಬಲಾರದೆ, ತಾನು ಜೀವಮಾನವೆಲ್ಲ ಗೇಲಿ ಮಾಡಿದ ಟಾರ್ಕ್ ಪಾನಾ ಕೊಂಡುಕೊಂಡಿದ್ದ. ಅದರ ಹಿಡಿಕೆಯಲ್ಲಿ ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಗುರುತು ಕೂಡಿಸಬೇಕು. ಅಷ್ಟು ಬಿಗಿಯಾದ ಕ್ಷಣ ಅದು "ಟಕ್" ಎನ್ನುತ್ತದೆ. ನನ್ನನ್ನು ಕರೆದದ್ದಕ್ಕೆ ನಾನು ಬೀಗಿದೆ. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಠಸೆ ಒತ್ತಿದ ಕೈ ನನ್ನದು. ನಮ್ಮ ಮನೆಯಲ್ಲಿ ನಾನು ಮುಚ್ಚಿದ ಉಪ್ಪಿನಕಾಯಿ ಭರಣಿಯನ್ನು ನನ್ನ ಗಂಡ ತೆರೆಯಲಾರದೆ ಎಷ್ಟೋ ಸಲ ಬರಿ ಮೊಸರನ್ನ ಉಂಡಿದ್ದಾರೆ. ಇದನ್ನು ನಾನು ಯೋಗ್ಯತೆ ಎಂದು ತಿಳಿದಿದ್ದೆ.

ಇಲ್ಲಿ ನಮ್ಮ ಮನೆತನದ ಬಡಿಸುವ ರೀತಿಯನ್ನು ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯದು. ನಮ್ಮಲ್ಲಿ ಯಾರಿಗೂ ಪೂರ್ತಿ ಹೋಳಿಗೆ ಬಡಿಸುವುದಿಲ್ಲ. ಮೊದಲನೆಯದೇನೋ ಇಡಿಯಾಗಿಯೇ ಬೀಳುತ್ತದೆ; ಅಲ್ಲಿಂದ ಮುಂದೆ ಎಲ್ಲವೂ ಅರ್ಧ. ಇಡೀ ಹೋಳಿಗೆ ಹಿಡಿದು ಬಂದರೆ ಉಣ್ಣುವವರು "ಸಾಕು" ಎನ್ನಬಹುದು. ಅರ್ಧಕ್ಕೆ ಹೇಗೆ ಸಾಕು ಎನ್ನುವುದು? "ಬರೇ ಅರ್ಧಾರಿ, ಮನಸ್ಸಿಗೆ ಸಮಾಧಾನಕ್ಕ" ಎಂದು ಅಜ್ಜಿ ಹಾಕುತ್ತಿದ್ದಳು. ಅವಳು ಮುಂದಿನ ಎಲೆಗೆ ದಾಟಿದ ಮೇಲೆ ತಾಯಿ, ತಾಯಿ ದಾಟಿದ ಮೇಲೆ ಮಾಮಿ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದಂತೆ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಕೂತರೆ ಬೆರಳ ಸಂದಿಯಲ್ಲಿ ತುರುಕುತ್ತಿದ್ದರು. ಹೀಗೆ ಮೂರು ಅರ್ಧಗಳಿಂದ ನಮ್ಮಲ್ಲಿಗೆ ಬಂದ ಬೀಗರು ಮಧ್ಯಾಹ್ನವೆಲ್ಲ ಗೋಡೆಗೆ ಆತು ಕೂತಿರುತ್ತಿದ್ದರು.

ಈಗ ಆ ರವಿವಾರಕ್ಕೆ ಬನ್ನಿ. ಶಾಂತಿಗೆ ಇನ್ನು ಏಳು ದಿನ. ಮಾಮಾ ಬೆತ್ತದ ಕುರ್ಚಿಯಲ್ಲಿ ಕೂತ, ನಾನು ಮಂಚದ ಪಕ್ಕ ಮಣೆ ಹಾಕಿಕೊಂಡೆ. ಮೊದಲು ಎಂಟೂ ತೂತುಗಳನ್ನು ಕೂದಲ ಪಿನ್ನಿಗೆ ಬಟ್ಟೆ ಸುತ್ತಿ ಒರೆಸಿಸಿದ.

"ಒಂದ್ ಹನಿ ಎಣ್ಣೀನೂ ಉಳಿಬಾರದು. ಎಣ್ಣಿ ಹತ್ತಿದ ಬೋಲ್ಟು ಸುಳ್ಳು ಹೇಳ್ತದ. ಇನ್ನೂ ಸಡಿಲ ಇದ್ದೀನಿ, ಇನ್ನೂ ಸಡಿಲ ಇದ್ದೀನಿ ಅಂತ ಅನಕೋತನ ಹರಕೋತದ."

ಆಮೇಲೆ ಪಾಠ. ಮೊದಲನೆಯ ಸಲ ಬರಿ ಬೆರಳಿನಿಂದ, ಎಂಟಕ್ಕೂ. ಎರಡನೆಯ ಸಲ ಪಾನಾದಿಂದ, ಅರೆಬಿಗಿ, ಅಂಕಿಯ ಕ್ರಮದಲ್ಲಿ. ಮೂರನೆಯ ಸಲ ಟಕ್ ಎನ್ನುವವರೆಗೆ, ಅದೇ ಕ್ರಮದಲ್ಲಿ. ಒಂದನ್ನು ಬಿಗಿದರೆ ಮುಂದಿನದು ಅದರ ಎದುರಿನದೇ ಆಗಬೇಕು. ಆ ಕ್ರಮದ ಅಂಕಿಗಳನ್ನು ರಟ್ಟಿನ ಮೇಲೆ ನನ್ನ ಕೈಯಿಂದಲೇ ಬರೆಸಿದ.

"ಒಂದ ಬಾಜೂದ್ದು ಎಲ್ಲಾ ಬಿಗದಿ ಅಂದ್ರ ಆ ಕಡೆ ಎದ್ದು ನಿಂದರ್ತದ. ಕೂಡಂದ್ರ ಕೂಡಂಗಿಲ್ಲ. ಎಣ್ಣಿಗೆ ಅಷ್ಟು ಸಂದಿ ಸಾಕು" ಎಂದ ಮಾಮಾ.

ಅಷ್ಟರಲ್ಲಿ ಪಕ್ಕದ ಮನೆಯ ವಾನಖೇಡೆ ಕಾಕಾ ಕಾಂಪೌಂಡಿನ ಮೇಲಿಂದ ಇಣುಕಿದರು. ಅವರು ತಬಲಾ ಕಲಿಸುವವರು. ನಲವತ್ತು ವರ್ಷದ ನೆರೆ, ಕನ್ನಡ ತಿಳಿಯುತ್ತದೆ, ಮಾತು ಮೂರೂ ಭಾಷೆಯದು. ರಟ್ಟಿನ ಮೇಲಿನ ಅಂಕಿಗಳನ್ನು ನೋಡಿದ್ದೇ ಅವರ ಮುಖ ಅರಳಿತು.

"ಅರೇ ಭೀಮರಾವ್, ಹೇ ತರ್ ಆಮಚಂಚ್, ಇದು ನಮ್ಮದ. ತಬಲಾ ಸೂರಿಗೆ ಮಿಲಾಯಿಸೂದು ಹಿಂಗನ. ಚರ್ಮದ ಅಂಚಿನ ಈ ಘರ ಹೊಡದ್ರ ಮುಂದ ಎದುರಿನ ಘರ. ಇಲ್ಲಾಂದ್ರ ಚರ್ಮ ಒಂದ ಕಡೆ ರುಸ್ವಾ."

"ನಿಮ್ಮ ತಬಲಾ ರುಸ್ವಾ ಆದ್ರ ಬೇಸೂರು ಆಗ್ತದ, ಕಾಕಾ. ಇದು ರುಸ್ವಾ ಆದ್ರ ನಮ್ಮಕ್ಕ ಉಮರೇಡ್‌ನ್ಯಾಗ ಉಳೀತಾಳ" ಎಂದ ಮಾಮಾ.

ಮುನಿಸಿಕೊಳ್ಳುವ ಚರ್ಮ, ಮುನಿಸಿಕೊಳ್ಳುವ ಮುಚ್ಚಳ, ಮುನಿಸಿಕೊಳ್ಳುವ ಅಕ್ಕ. ಕಾಕಾ ಗಂಭೀರವಾಗಿ ತಲೆಯಾಡಿಸಿ ಗೋಡೆ ಸುತ್ತಿ ಒಳಗೇ ಬಂದು ಕೂತರು.

ಮೂರನೆಯ ಸುತ್ತಿಗೆ ಮಾಮಾ ಟಾರ್ಕ್ ಪಾನಾ ನನ್ನ ಕೈಗಿಟ್ಟ. "ಗೇರ್‌ಬಾಕ್ಸಿನ ಮೈ ಅಲ್ಯುಮಿನಿಯಂ, ಮೆತ್ತಂದು. ಬೋಲ್ಟು ಉಕ್ಕು. ಅದಕ್ಕ ಅಂತಃಕರಣ ಇಲ್ಲ. ಟಕ್ ಅಂತಂದ್ರ ಮುಗೀತು. ಅದು ಮಾತಾಡಿದ ಮ್ಯಾಲೆ ನಾವು ಮಾತಾಡಬಾರದು. ಗೊತ್ತಾತಿಲ್ಲೋ?"

ಗೊತ್ತಾಯಿತು ಎಂದೆ. ಒಂದು, ಟಕ್. ಎರಡು, ಟಕ್. ಮೂರು, ನಾಲ್ಕು. ಐದನೆಯದು ಬಿಗಿಯುವಾಗ ಅಡಿಗೆಮನೆಯ ಕುಕ್ಕರು ಸೀಟಿ ಹೊಡೆಯಿತು. ಟಕ್ ಅಂದಿತೋ ಇಲ್ಲವೋ, ಕೈಗೆ ಏನೋ ತಾಗಿದ ಹಾಗಾಯಿತು. ಕೇಳಿದರೆ ಮಾಮಾ ಬೈದಾನು ಎಂದು ಸುಮ್ಮನೆ ಆರಕ್ಕೆ ಹೋದೆ. ಎಂಟೂ ಮುಗಿದವು. ಮುಚ್ಚಳದ ಸುತ್ತ ಕಾಗದದ ಅಂಚು ಒಂದೇ ಸಮನೆ, ಧೋತರದ ಅಂಚಿನಂತೆ ಕಾಣುತ್ತಿತ್ತು. ಮಾಮಾ ಕನ್ನಡಕ ಏರಿಸಿ ನೋಡಿ, "ಬರೋಬರ್" ಎಂದ. ಆ ಒಂದು ಮಾತಿಗೆ ನನಗೆ ಅಂಚೆ ಇಲಾಖೆಯ ಮೂರು ಬಡ್ತಿ ಸಿಕ್ಕಷ್ಟಾಯಿತು.

ಊಟ. ಅರ್ಧ ಚಪಾತಿ, ಮತ್ತೊಂದು ಅರ್ಧ. ಕಾಕಾ ಎಲೆಯ ಮೇಲೆ ಕೈ ಅಡ್ಡ ಹಿಡಿದರೂ ನಡೆಯಲಿಲ್ಲ. ಮಾಮಾ ಒಳಗೆ ಒರಗಿದ. ಮನೆ ತಣ್ಣಗಾಯಿತು.

ನನಗೆ ಮಾತ್ರ ಐದನೆಯ ಬೋಲ್ಟಿನದೇ ಚಿಂತೆ. ದೊಡ್ಡವ್ವ ರಸ್ತೆಯಲ್ಲಿ, ಎಣ್ಣೆ ರಸ್ತೆಯ ಮೇಲೆ, ಅದೂ ನನ್ನಿಂದ. ಮೆಲ್ಲನೆ ವರಾಂಡಕ್ಕೆ ಬಂದೆ. ಟಾರ್ಕ್ ಪಾನಾ ಮುಟ್ಟಿದರೆ ಸಪ್ಪಳವಾಗುತ್ತದೆಂದು ಸಾದಾ ಪಾನಾ ತೆಗೆದುಕೊಂಡು ಐದಕ್ಕೆ ಅರ್ಧ ಸುತ್ತು ಕೊಟ್ಟೆ. ಬರೇ ಅರ್ಧ. ಮನಸ್ಸಿಗೆ ಸಮಾಧಾನವಾಯಿತು. ಕೈ ತೊಳೆದು ಬಂದು ಚೆನ್ನಾಗಿ ನಿದ್ದೆ ಮಾಡಿದೆ.

ಸಂಜೆ ನಾಲ್ಕಕ್ಕೆ ಚಹಾ ಕುಡಿದು ಮಾಮಾ ಹೊರಗೆ ಬಂದ. ಹಿಂದೆ ನಾನು, ಮಾಮಿ, ಚಹಾಕ್ಕೆಂದು ಮತ್ತೆ ಬಂದ ಕಾಕಾ ಕಪ್ಪು ಹಿಡಿದುಕೊಂಡು. ಗೇರ್‌ಬಾಕ್ಸಿಗೆ ಬಾಗಿ ನೋಡಿದ. ಬೆಳಿಗ್ಗೆ ಧೋತರದ ಅಂಚಿನಂತಿದ್ದ ಕಾಗದ ಅಲ್ಲಲ್ಲಿ ಹಿಂಡಿಕೊಂಡು ನಾಲಿಗೆ ಚಾಚಿತ್ತು. ಅವನು ಟಾರ್ಕ್ ಪಾನಾ ತೆಗೆದುಕೊಂಡು ತಾನೇ ಒಂದೊಂದನ್ನೂ ಪರೀಕ್ಷಿಸಿದ. ಐದಕ್ಕೆ ಬಂದ. ಪಾನಾ ತಿರುಗಿತು. ತಿರುಗುತ್ತಲೇ ಇತ್ತು. ಟಕ್ ಇಲ್ಲ, ಬಿಗಿ ಇಲ್ಲ, ಗಾಳಿಯಲ್ಲಿ ಚಮಚ ತಿರುಗಿಸಿದ ಹಾಗೆ. ತೂತಿನೊಳಗೆ ಬೋಲ್ಟು ಕಚ್ಚಿಕೊಳ್ಳುವ ಸುರುಳಿ ಗೆರೆಗಳಿರುತ್ತವಲ್ಲ, ಅವು ಹರಿದುಹೋಗಿದ್ದವು. ಬೋಲ್ಟು ಹೊರತೆಗೆದರೆ ಅದರ ಜೊತೆಗೆ ಬೆಳ್ಳಿಯ ಕೂದಲಿನಂತೆ ಅಲ್ಯುಮಿನಿಯಮ್ಮಿನ ಎಳೆಗಳು ಬಂದವು.

 ಮಾಮಾ ಬೈದಿದ್ದರೆ ಚೆನ್ನಾಗಿತ್ತು. ಆ ಎಳೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕುರ್ಚಿಯಲ್ಲಿ ಕೂತ.

"ಪಾನಾದ ಗುರುತು ನಾನ ತಪ್ಪು ಕೂಡಿಸೀನಿ. ಕಣ್ಣು ಮಂಜು, ಕೈ ಹಿಂಗ. ಸುಧಾಂದು ತಪ್ಪಿಲ್ಲ, ಆಕಿ ನಾ ಹೇಳಿದ್ದು ಮಾಡ್ಯಾಳ." ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡ. "ಸಾಕು. ಇಷ್ಟು ದಿನ ನಡದದ್ದ ದೊಡ್ಡದು. ಅಕ್ಕಗ ಹೇಳಿಬಿಡ್ತೀನಿ."

ಮೊಬೈಲು ತೆಗೆದು ಉಮರೇಡಿಗೆ ಹಚ್ಚಿಯೇಬಿಟ್ಟ. ಕಿವಿ ಮಂದವಾದ್ದರಿಂದ ಅವನ ಫೋನಿನ ಸ್ಪೀಕರು ಸದಾ ಚಾಲೂ ಇರುತ್ತದೆ. ಗಂಟೆ ಬಾರಿಸುವುದು ನಮಗೆಲ್ಲ ಕೇಳುತ್ತಿತ್ತು. 

"ಮಾಮಾ, ಐದಕ್ಕ ನಾ ಅರ್ಧ ಸುತ್ತು ಕೊಟ್ಟೀನಿ" ಎಂದೆ. "ಊಟ ಆದ ಮ್ಯಾಲೆ. ಕುಕ್ಕರ್ ಸೀಟಿಯೊಳಗ ಟಕ್ ಕೇಳಿಸಲಿಲ್ಲ. ತಪ್ಪಾತು."

ಮಾಮಾ ನನ್ನನ್ನು ನೋಡಿದ. ಆಮೇಲೆ ಲೆಕ್ಕ ಹಾಕಿದ. "ಅರ್ಧದಾಗ ಇಷ್ಟು ಆಗಂಗಿಲ್ಲಲಾ. ಉಳಿದವೂ ಬಿಗಿ ಆಗ್ಯಾವ."

ಮಾಮಿ ಸೆರಗಿನ ತುದಿ ನೋಡಿಕೊಂಡಳು. "ನಾ ಹಪ್ಪಳದ ಹಿಟ್ಟು ಮುಚ್ಚಲಿಕ್ಕೆ ಬಂದಿದ್ದೆ. ಪಾನಾ ಅಲ್ಲೇ ಬಿದ್ದಿತ್ತು. ಅಕ್ಕ ಬರೂ ಗಾಡಿ ಅಂತ, ಅರ್ಧಾ ಕೊಟ್ಟೆ."

"ಯಾವುದಕ್ಕ?"

"ಎಲ್ಲಾದಕ್ಕೂ. ಒಂದಕ್ಕ ಕೊಟ್ಟು ಇನ್ನೊಂದಕ್ಕ ಬಿಡೂದು ಚಂದ ಕಾಣಸ್ತದೇನ್ರಿ?"

ವಾನಖೇಡೆ ಕಾಕಾ ಚಹಾದ ಕಪ್ಪನ್ನು ಕೆಳಗಿಟ್ಟರು. ಕೆಮ್ಮಿದರು. ಅವರು ಮನೆಗೆ ಹೋಗುವಾಗ ಚಮಚದಿಂದ ಎಂಟೂ ಬೋಲ್ಟುಗಳನ್ನು ತಟ್ಟಿ ಕೇಳಿದ್ದರಂತೆ. "ಪಾಚ್ ನಂಬರ್ ಜರಾ ಉತರಲೇಲಾ ವಾಟಲಾ. ಸೂರು ಕಡಿಮಿ ಇತ್ತು. ಥೋಡಾಸಾ... ಅರ್ಧ."

ಮೂರು ಜನ, ಐದನೆಯದಕ್ಕೆ ಮೂರು ಅರ್ಧ. ಅಜ್ಜಿ ಇದ್ದಿದ್ದರೆ ಹೆಮ್ಮೆಪಡುತ್ತಿದ್ದಳು.

ಅಷ್ಟು ಹೊತ್ತಿನಿಂದ ದೊಡ್ಡವ್ವ ಆ ಕಡೆ ಫೋನೆತ್ತಿ ಕೇಳುತ್ತಿದ್ದದ್ದು ನಮ್ಮ ಲಕ್ಷ್ಯದಲ್ಲೇ ಇರಲಿಲ್ಲ. ಮೊಬೈಲಿನಿಂದ ಅವಳ ದನಿ ಬಂತು.

"ಭೀಮಾ, ಅವರಿಗೆ ಬೈಬ್ಯಾಡ. ನಾ ಅಲ್ಲಿದ್ರ ನಾನೂ ಅರ್ಧಾ ತಿರುವತಿದ್ದೆ."

ಮಾಮಾ ಫೋನನ್ನು ನೋಡಿದ, ನಮ್ಮನ್ನು ನೋಡಿದ. ಅವನ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ನನಗನಿಸುತ್ತದೆ, ಆ ನಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ನಿರಾಳವೇ ಇತ್ತು. ತಪ್ಪು ಅವನ ಕೈಯದಾಗಿರಲಿಲ್ಲ.

"ಫೋನ್ ಯಾಕ ಮಾಡಿದ್ದಿ?" ಎಂದಳು ದೊಡ್ಡವ್ವ.

"ಏನಿಲ್ಲ ಅಕ್ಕಾ. ರವಿವಾರ ಬೆಳಿಗ್ಗೆ ತಯಾರಾಗಿರು ಅಂತ ಹೇಳಲಿಕ್ಕೆ."

ಮಾರನೆಯ ದಿನ ಮುಚ್ಚಳ ತೆಗೆದು, ಕಾಗದ ಹೊಸದಾಗಿ ಕತ್ತರಿಸಿ, ಐದನೆಯ ತೂತನ್ನು ಒಂದು ಅಳತೆ ದೊಡ್ಡದು ಮಾಡಿದ್ದಾಯಿತು. ಅದರೊಳಗೆ ಹೊಸ ಗೆರೆ ಕೊರೆಯಲು ಟ್ಯಾಪು ಎಂಬ ಉಕ್ಕಿನ ಕಡ್ಡಿ. ಅದಕ್ಕೆ ಎರಡೂ ಬದಿಗೆ ಹಿಡಿಕೆ. ಪುಡಿ ಒಳಗೆ ಬೀಳದಂತೆ ಟ್ಯಾಪಿಗೆ ದಪ್ಪವಾಗಿ ಗ್ರೀಸು ಬಳಿದು, ಗೇರ್‌ಬಾಕ್ಸಿನ ಹೊಟ್ಟೆಯೊಳಗೆ ಬಟ್ಟೆ ತುಂಬಿ ಮಾಮಾ ಕೂತ. ಒಂದು ಸುತ್ತು ಮುಂದೆ ಹೋದರೆ ಅರ್ಧ ಸುತ್ತು ಹಿಂದೆ ಬರಬೇಕು, ಇಲ್ಲವಾದರೆ ಪುಡಿ ಸಿಕ್ಕಿ ಕಡ್ಡಿ ಮುರಿಯುತ್ತದೆ. ನಮ್ಮ ವಂಶದಲ್ಲಿ ಕೊಟ್ಟ ಅರ್ಧವನ್ನು ಹಿಂದಕ್ಕೆ ತೆಗೆದುಕೊಂಡದ್ದು ಅದೇ ಮೊದಲು.

ಟ್ಯಾಪು ನೆಟ್ಟಗೆ ಇಳಿಯಬೇಕು. ಮಾಮಾನ ಬಲಗೈ ಒಂದು ಕಡೆ ವಾಲಿಸುತ್ತಿತ್ತು. ನಾನು ಕೈ ಚಾಚುವಷ್ಟರಲ್ಲಿ ಮಾಮಿ ಎದುರಿಗೆ ಬಂದು ಕೂತು, "ಸರೀರಿ ಸ್ವಲ್ಪ" ಎಂದು ಆ ಬದಿಯ ಹಿಡಿಕೆ ಹಿಡಿದಳು. ಬೀಸುಕಲ್ಲಿಗೆ ಇಬ್ಬರು ಕೂತ ಹಾಗೆ.

"ನೀ ಜೋರ್ ಮಾಡಬ್ಯಾಡ" ಎಂದ ಮಾಮಾ.

"ನೀವು ಅಲುಗಾಡಬ್ಯಾಡ್ರಿ."

"ಅದು ನನ್ನ ಕೈಯಾಗಿಲ್ಲ."

"ಗೊತ್ತದ. ಅದಕ್ಕ ಹಿಡದೀನಿ."

ಕಡ್ಡಿ ನೆಟ್ಟಗೆ ಇಳಿಯಿತು. ಒಂದು ಮುಂದೆ, ಅರ್ಧ ಹಿಂದೆ. ನಾನು ಬರಿ ಎಣಿಸುತ್ತಿದ್ದೆ. ಬುಧವಾರ ಮುಚ್ಚಳ ಮತ್ತೆ ಬಿಗಿದಾಗ ಮಾಮಾ ನಮ್ಮ ಮೂವರನ್ನೂ ಗೋಡೆಗೆ ನಿಲ್ಲಿಸಿ ಕೈ ಹಿಂದೆ ಕಟ್ಟಿಸಿದ. ಒಬ್ಬೊಬ್ಬರನ್ನಾಗಿ ಕರೆದು ಬಿಗಿಸಿದ, ಟಕ್ ಎಂದ ಕೂಡಲೇ ಪಾನಾ ಕಸಿದುಕೊಂಡ. ಅಡಿಗೆಮನೆಯ ಗ್ಯಾಸು ಬಂದ್ ಮಾಡಿಸಿದ್ದ. ಮುಗಿದ ಮೇಲೆ ಮನೆಯ ಎಲ್ಲ ಪಾನಾಗಳನ್ನೂ ಟ್ರಂಕಿಗೆ ಹಾಕಿ ಬೀಗ ಜಡಿದು, ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡ. ಶುಕ್ರವಾರ ಗೇರ್‌ಬಾಕ್ಸು ಗಾಡಿಯ ಹೊಟ್ಟೆ ಸೇರಿತು.

ರವಿವಾರ ಉಮರೇಡಿಗೆ ಹೋಗುವಾಗ ಮಾಮಿಯೇ ಓಡಿಸಿದಳು. ಬರುವಾಗಲೂ ಅವಳೇ. ದೊಡ್ಡವ್ವ ಮುಂದಿನ ಸೀಟಿನಲ್ಲಿ, ತಲೆಗೆ ಮಫ್ಲರು, ಮಡಿಲಲ್ಲಿ ಕಿತ್ತಳೆಯ ಚೀಲ. ಸಿಪ್ಪೆ ಮೂಸುತ್ತಿದ್ದರೆ ಹೊಟ್ಟೆ ಸುಮ್ಮನಿರುತ್ತದಂತೆ. ಸಿಪ್ಪೆ ಅವಳಿಗೆ, ಹಣ್ಣು ನಮಗೆ. ಹೆರಳು ಬಿಚ್ಚುವಂಥ ಗಾಳಿ. ಇದ್ದಲ ಲಾರಿಗಳು ದಾಟುವಾಗ ಮೂಗಿಗೆ ಸೆರಗು. ಮಾಮಾ ನನ್ನ ಪಕ್ಕದಲ್ಲಿ ಹಿಂದೆ ಕೂತಿದ್ದ, ಹೊಸ ಧೋತರದಲ್ಲಿ. ಒಂದು ಮಾತಿಲ್ಲ.

"ಭೀಮಾ, ಯಾಕ ಬಾಯಿಗೆ ಬೀಗ ಹಾಕ್ಕೊಂಡು ಕೂತಿ?" ಎಂದಳು ದೊಡ್ಡವ್ವ.

"ಕೇಳ್ಲಿಕ್ಕತ್ತೀನಿ, ಅಕ್ಕಾ."

"ನಾ ಇನ್ನೂ ಏನೂ ಹೇಳೇ ಇಲ್ಲಲಾ."

ರೈಲ್ವೆ ಗೇಟಿನಲ್ಲಿ ನಿಂತು ಮತ್ತೆ ಹೊರಟಾಗ ಮಾಮಿ ಎರಡನೆಯ ಗೇರು ಹಾಕಿದಳು. ಮಾಮಾ ಉಸಿರು ಹಿಡಿದ. ಗೇರು ಕೂತಿತು, ಕೂತೇ ಇತ್ತು. ಅವನು ಮೆಲ್ಲನೆ ಉಸಿರು ಬಿಟ್ಟದ್ದು ನನಗೆ ಮಾತ್ರ ಗೊತ್ತು. ಅಷ್ಟಾದರೂ ಅವನಿಗೆ ಸಮಾಧಾನವಿಲ್ಲ. ಎಣ್ಣೆಯ ಮಾತು ಬಾಕಿ ಇತ್ತು.

ಮನೆ ಮುಂದೆ ಗಾಡಿ ನಿಂತಿತು. ಆರತಿ ತರುವವರೆಗೆ ಯಾರೂ ಅಕ್ಕನನ್ನು ಇಳಿಸಕೂಡದು ಎಂದು ಅಪ್ಪಣೆ ಮಾಡಿ ಮಾಮಿ ಒಳಗೆ ಹೋದಳು. ವಾನಖೇಡೆ ಕಾಕಾ ಇಸ್ತ್ರಿ ಮಾಡಿದ ಜುಬ್ಬಾದಲ್ಲಿ ಗೇಟಿಗೆ ಬಂದು ಕೈಮುಗಿದು ನಿಂತಿದ್ದರು. ಮಾಮಾ ಇಳಿದ. ಇಳಿದವನು ಅಕ್ಕನ ಕಡೆ ನೋಡಲಿಲ್ಲ. ಹೊಸ ಧೋತರದಲ್ಲೇ ರಸ್ತೆಯ ಧೂಳಿನಲ್ಲಿ ಕೂತು, ಗಾಡಿಯ ಅಡಿಗೆ ಭುಜದವರೆಗೂ ಕೈ ತೂರಿಸಿದ. ಕಾಕಾ ಉಸಿರಾಡಲಿಲ್ಲ. ನಾನೂ ಇಲ್ಲ. ಬಹಳ ಹೊತ್ತು ತಡವಿ ಮಾಮಾ ಕೈ ಹೊರತೆಗೆದು, ನಮಗೆ ತೋರಿಸಲೆಂದು ಅಂಗೈಯನ್ನು ಮೇಲೆ ಹಿಡಿದ. ಧೂಳಿತ್ತು. ಎಣ್ಣೆಯ ಪಸೆ ಎಲ್ಲೂ ಇರಲಿಲ್ಲ.

ಕಿಟಕಿಯ ಬಳಿ ಕೂತ ದೊಡ್ಡವ್ವನಿಗೆ ಕಂಡದ್ದು ತಮ್ಮ ಕೆಳಗೆ ಕೂತು ಕೈ ಒಡ್ಡಿದ್ದು. ಸುಲಿದ ಕಿತ್ತಳೆಯನ್ನು ಇಡಿಯಾಗಿ ಆ ಅಂಗೈಗೆ ಇಟ್ಟಳು.

"ಹಸಿವಿ ಆಗಿದ್ರ ಆವಾಗನ ಕೇಳಬೇಕಿಲ್ಲೋ" ಎಂದಳು.

 ಮಾಮಾ ಧೂಳಿನ ಕೈಯಲ್ಲೇ ಒಂದೊಂದು ತೊಳೆ ಬಿಡಿಸಿ ಅಲ್ಲೇ ಕೂತು ತಿಂದ. ಮಾಮಿ ಆರತಿ ತಟ್ಟೆ ಹಿಡಿದು ಬಂದಾಗ ಅಕ್ಕ ಗಾಡಿಯೊಳಗೆ, ತಮ್ಮ ನೆಲದ ಮೇಲೆ. ಯಾರಿಗೆ ಮೊದಲು ಎತ್ತುವುದೆಂದು ಅವಳು ಒಂದು ಗಳಿಗೆ ನಿಂತಳು. ಆಮೇಲೆ ಅಕ್ಕನಿಗೆ, ತಮ್ಮನಿಗೆ, ಮೋಟಾರಿಗೆ, ಮೂವರಿಗೂ ಸೇರಿಸಿ ಎತ್ತಿದಳು.